ಮುಖದ ನರನೋವು: ಮಾತ್ರೆ ಬರೆಯುವ ಮುಂಚೆ ನಾನು ಕೇಳುವುದು

ನಾನು ನರರೋಗ ವೈದ್ಯೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಸ್ಪರ್ಶ ತಿಳಿಸುವ ನರದ ನೋವು, ಇರುವವರನ್ನು ಎಲ್ಲಿ ನೋವು ಅಂತ ಕೇಳಿದರೆ ಬೆರಳನ್ನು ಕೆನ್ನೆಯ ಹತ್ತಿರ ತಂದು ನಿಲ್ಲಿಸುತ್ತಾರೆ, ಮುಟ್ಟುವುದಿಲ್ಲ. ಕೆಲವು ಗಂಡಸರು ಒಂದೇ ಕಡೆ ಗಡ್ಡ ಬಿಟ್ಟಿರುತ್ತಾರೆ. ಹಲ್ಲುಜ್ಜಿದರೆ, ಫ್ಯಾನಿನ ಗಾಳಿ ತಾಗಿದರೆ ಸಾಕು, ಕರೆಂಟ್ ಹೊಡೆದ ಹಾಗೆ ನೋವು.

"ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತಾ?" ಅಂದರೆ ಇಲ್ಲ ಅಂತಲೇ ಉತ್ತರ. ಹಿಂದಿನವರಿಗೆ ಇದರ ಹೆಸರೇ ಗೊತ್ತಿರಲಿಲ್ಲ, ಅಲ್ವಾ? ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: ಹಲ್ಲು ಕೀಳಿಸಿಕೊಂಡ ಮೇಲೂ ನೋವು ಹೋಗದೆ ಒದ್ದಾಡಿದವರು ಯಾರಾದರೂ ಇದ್ದರಾ? ಆಗ "ಹೌದು ಮೇಡಂ, ನಮ್ಮ ಸೋದರತ್ತೆ, ಊಟಕ್ಕೆ ಕೂತರೆ ಅಳೋರು" ಅನ್ನುವಂಥ ಮಾತು ಹೊರಬರುತ್ತದೆ.

ಹಾಗಂತ ಮಕ್ಕಳಿಗೂ ಬಂದೇ ಬರುತ್ತದೆ ಅಂತ ಹೆದರಬೇಕಿಲ್ಲ. ಹೆಚ್ಚಿನವರ ಮನೆಯಲ್ಲಿ ಇದು ಒಬ್ಬರಿಗೇ ಇರುತ್ತದೆ. ಸಾಮಾನ್ಯವಾಗಿ ರಕ್ತನಾಳವೊಂದು ನರದ ಬುಡವನ್ನು ಒತ್ತಿ ಅದರ ಹೊದಿಕೆ ಸವೆದಿರುತ್ತದೆ. ಆದರೆ ರಕ್ತನಾಳ ನರಕ್ಕೆ ತಾಗಿಕೊಂಡಿದ್ದೂ ಏನೂ ನೋವಿಲ್ಲದವರು ಎಷ್ಟೋ ಜನ ಇದ್ದಾರೆ, ಹಾಗಾಗಿ ಒತ್ತಡವೊಂದೇ ಕಾರಣ ಅನ್ನಲಾಗದು. 2016ರಲ್ಲಿ ಒಬ್ಬ ರೋಗಿಯ ಎಸ್‌ಸಿಎನ್8ಎ ಜೀನ್‌ನಲ್ಲಿ ಬದಲಾವಣೆ ಇದ್ದದ್ದು ವರದಿಯಾಯಿತು. ಅದು ನರದ ಸೋಡಿಯಂ ಚಾನೆಲ್ (ನರದಲ್ಲಿ ಸಂಕೇತ ಹುಟ್ಟಿಸುವ ಪುಟ್ಟ ಬಾಗಿಲು) ಒಂದನ್ನು ಅತಿಯಾಗಿ ಚುರುಕಾಗಿಸುವ ಬದಲಾವಣೆ. ಈ ನೋವಿಗೆ ನಾವು ಮೊದಲು ಕೊಡುವ ಕಾರ್ಬಮಜೆಪಿನ್ ಮಾತ್ರೆ ತಡೆಯುವುದೂ ಸೋಡಿಯಂ ಚಾನೆಲ್‌ಗಳನ್ನೇ. ಚಿಕ್ಕ ವಯಸ್ಸಿಗೇ ನೋವು ಬಂದಿದ್ದರೆ, ಮುಖದ ಎರಡೂ ಕಡೆ ಇದ್ದರೆ, ನಾನು ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆಯಾ ಅಂತಲೂ ನೋಡುತ್ತೇನೆ.

ನನ್ನ ಮಟ್ಟಿಗೆ ಜೀನ್ ನಿಜವಾಗಿ ಕೆಲಸಕ್ಕೆ ಬರುವುದು ಕಾರ್ಬಮಜೆಪಿನ್ ಬರೆಯುವಾಗ. ಎಚ್‌ಎಲ್‌ಎ-ಬಿ*15:02 ಎಂಬ, ತಂದೆತಾಯಿಯಿಂದ ಬರುವ ಜೀನ್ ಬಗೆ ಇರುವವರಿಗೆ ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗುವ ಅಪಾಯ ಬಹಳ ಜಾಸ್ತಿ ಅಂತ 2004ರಲ್ಲಿ ತೈವಾನ್‌ನಲ್ಲಿ ಕಂಡುಬಂತು. ಚರ್ಮ ಸುಲಿಯುತ್ತದೆ, ಬಾಯಿ ಕಣ್ಣು ಹುಣ್ಣಾಗುತ್ತದೆ, ಜೀವಕ್ಕೂ ಕುತ್ತು. ಭಾರತೀಯ ರೋಗಿಗಳಲ್ಲೂ ಈ ನಂಟು ಕಂಡಿದೆ. ಅದಕ್ಕೇ ಮೊದಲು ಈ ಜೀನ್ ಪರೀಕ್ಷೆಗೆ ರಕ್ತ ಕಳಿಸುತ್ತೇನೆ, ರಿಪೋರ್ಟ್ ಬರುವ ತನಕ ಗ್ಯಾಬಾಪೆಂಟಿನ್ ಎಂಬ ಬೇರೆ ನರನೋವಿನ ಮಾತ್ರೆ ಕೊಟ್ಟು ನಿಭಾಯಿಸುತ್ತೇನೆ. ಪಾಸಿಟಿವ್ ಬಂದರೆ ಕಾರ್ಬಮಜೆಪಿನ್ ಬೇಡ, ಅದನ್ನೇ ಹೋಲುವ ಆಕ್ಸ್‌ಕಾರ್ಬಜೆಪಿನ್ ಕೂಡ ಬೇಡ. ನೆಗೆಟಿವ್ ಬಂದವರಿಗೂ ಹೇಳುವುದುಂಟು: ಜ್ವರ, ಬಾಯಿಹುಣ್ಣು, ಮೈಮೇಲೆ ಗುಳ್ಳೆ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ.

ಫಿಟ್ಸ್‌ಗೂ ಕಾರ್ಬಮಜೆಪಿನ್ ಕೊಡುತ್ತಾರೆ. ಆದ್ದರಿಂದ ಪಾಸಿಟಿವ್ ಬಂದವರ ಒಡಹುಟ್ಟಿದವರು, ಮಕ್ಕಳು ಇದನ್ನು ಹೊಸದಾಗಿ ಶುರು ಮಾಡಬೇಕಾಗಿ ಬಂದರೆ ಮೊದಲು ಈ ಪರೀಕ್ಷೆ ಮಾಡಿಸಲಿ ಅಂತ ಚೀಟಿಯ ಮೇಲೆಯೇ ಬರೆದುಕೊಡುತ್ತೇನೆ.