ಸಿನಿಮಾ ನೋಡಿ ನಿಮ್ಮದೇ ಅಭಿಪ್ರಾಯ ಹೇಳುವುದು ಹೇಗೆ?

ನಾನು ವಿಮರ್ಶಕಿ ಅಲ್ಲ. ಶನಿವಾರ ರಾತ್ರಿ ಊಟ ಮುಗಿಸಿ ಸಿನಿಮಾ ನೋಡುವವಳು. ಆದರೂ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ನೆ ಇರಲು ನನಗೆ ಆಗುವುದಿಲ್ಲ.

ಮೊದಲು ರೇಟಿಂಗ್ ನೋಡಬೇಡಿ. ಸಿನಿಮಾ ಮುಗಿದ ಕೂಡಲೇ, ಬೇರೆಯವರ ಮಾತು ಕಿವಿಗೆ ಬೀಳುವ ಮುಂಚೆ, ಮನಸ್ಸಿನಲ್ಲಿ ಉಳಿದ ಒಂದು ವಿಷಯ ಬರೆದಿಡಿ. ಕಥೆ ಬರೆಯಬೇಡಿ, ಅದು ಎಲ್ಲ ಕಡೆ ಸಿಗುತ್ತದೆ.

ಆಮೇಲೆ, ಅದೇ ಯಾಕೆ ಉಳಿಯಿತು ಎಂದು ಕೇಳಿಕೊಳ್ಳಿ. ಇಲ್ಲಿ ಜಾಸ್ತಿ ಹೊತ್ತು ಕೊಡಿ. ‘ತಿಥಿ’ಯಲ್ಲಿ ನನಗೆ ಉಳಿದದ್ದು ಗಡ್ಡಪ್ಪನ ನಡಿಗೆ. ಮಗ ತಮ್ಮಣ್ಣ ಜಮೀನು ಮಾರಲು ಒದ್ದಾಡುತ್ತಾನೆ. ಅಪ್ಪನಿಗೆ ಅದು ಬೇಕಾಗಿಯೇ ಇಲ್ಲ, ಅಲೆಯುತ್ತಲೇ ಇರುತ್ತಾನೆ. ಇಡೀ ಸಿನಿಮಾ ಆ ನಡಿಗೆಯಲ್ಲೇ ಇದೆ ಅನ್ನಿಸಿತು. ನಟರಲ್ಲಿ ಹೆಚ್ಚಿನವರು ಮಂಡ್ಯ ಕಡೆಯ ಹಳ್ಳಿಯವರು, ನಟನೆಗೆ ಹೊಸಬರು. ಅದಕ್ಕೇ ಮಾತು ಅಷ್ಟು ಸಹಜ, ಅಲ್ವಾ?

ಇಷ್ಟವಾಗದ್ದನ್ನೂ ಹೀಗೇ ಹೇಳಿ. 2017ರ ‘ಒಂದು ಮೊಟ್ಟೆಯ ಕಥೆ’ ನನಗೆ ಪ್ರೀತಿಯ ಸಿನಿಮಾ. ಬೋಳುತಲೆಯ ಕನ್ನಡ ಮೇಷ್ಟ್ರ ಸಂಕೋಚ ಮನಸ್ಸಿಗೆ ತಾಗುತ್ತದೆ. ಆದರೆ ನಡುವೆ ಸ್ವಲ್ಪ ನಿಧಾನ ಅನ್ನಿಸಿತು. ಎರಡನ್ನೂ ಹೇಳಬಹುದು, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕೆಲವು ಸಿನಿಮಾಗಳಿಗೆ ಎರಡನೇ ಅವಕಾಶ ಬೇಕೇ ಬೇಕು. ಜನರೇ ಹಣ ಹಾಕಿ ಮಾಡಿಸಿದ ‘ಲೂಸಿಯಾ’ (2013) ಅಂಥದ್ದು. ಮತ್ತೆ ನೋಡುವಾಗ ಬಣ್ಣದ ಭಾಗ, ಕಪ್ಪು ಬಿಳುಪಿನ ಭಾಗ ಎರಡನ್ನೂ ಜೋಡಿಸುತ್ತಾ ಹೋಗಿ. ಮೊದಲ ಸಲ ಬರೆದ ಚೀಟಿ ಮಾತ್ರ ಹರಿಯಬೇಡಿ, ಹೊಸದನ್ನು ಅದರ ಕೆಳಗೇ ಬರೆಯಿರಿ.