ಹರಕೆ ಹೊತ್ತ ಕಾಲು, ನಾಲ್ಕು ವಾರದ ಟ್ರಯಲ್

ಬಾಗಲಕೋಟೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ನೋಡುವುದೇ ನನ್ನ ಅರ್ಧ ಕೆಲಸ. ಹಾಗಾಗಿ ಹೊಸ ಜೆಲ್ ಒಂದಕ್ಕೆ ಎರಡನೇ ಹಂತದ ಟ್ರಯಲ್ (ಕೆಲವೇ ರೋಗಿಗಳಲ್ಲಿ ಔಷಧಿ ಪರೀಕ್ಷಿಸಿ ನೋಡುವ ಪ್ರಯೋಗ) ರೂಪಿಸುವುದು ಸುಲಭ ಅಂದುಕೊಂಡಿದ್ದೆ. ಮೊದಲ ಕರಡಿನಲ್ಲೇ 'ಜೆಲ್‌ನಿಂದ ಹುಣ್ಣು ಮಾಯುತ್ತದೆ ಎಂದು ಸಾಬೀತು ಮಾಡುವುದು' ಎಂದು ಬರೆದೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಆ ಸಾಲು ಹೊಡೆದು ಹಾಕಿದರು. "ಸಾಬೀತು ಮಾಡೋದು ಮೂರನೇ ಹಂತದ ಕೆಲಸ ಸರ್. ಅಲ್ಲಿಗೆ ಹೋಗೋದಾ, ಇಲ್ಲೇ ನಿಲ್ಲಿಸೋದಾ, ನಮಗೆ ಅಷ್ಟು ಗೊತ್ತಾದ್ರೆ ಸಾಕು."

ಈ ಒಂದು ಮಾತಿಗೆ ಬೇಕಾದ ರೋಗಿಗಳ ಸಂಖ್ಯೆಯೇ ಬದಲಾಯಿತು. ಒಂದು ಗುಂಪಿಗೆ ಮಾಮೂಲಿ ಡ್ರೆಸ್ಸಿಂಗ್, ಇನ್ನೊಂದಕ್ಕೆ ಜೆಲ್. ಮಾಮೂಲಿ ಡ್ರೆಸ್ಸಿಂಗ್‌ನಿಂದ 100ಕ್ಕೆ 30 ಜನರಿಗೆ ಗುಣ ಕಾಣುತ್ತದೆ, ಜೆಲ್‌ನಿಂದ 50 ಆಗಬೇಕು ಎಂದು ಇಟ್ಟುಕೊಂಡೆವು. 80% ಪವರ್ (ಅಷ್ಟು ವ್ಯತ್ಯಾಸ ನಿಜಕ್ಕೂ ಇದ್ದರೆ 100ರಲ್ಲಿ 80 ಸಲ ಅದು ಕಣ್ಣಿಗೆ ಬೀಳಬೇಕು), ಎರಡೂ ಬದಿಯ 5% (ಜೆಲ್ ಮೇಲೋ ಕೀಳೋ ಎರಡನ್ನೂ ನೋಡುವಾಗ, ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) ಎಂದರೆ ಗುಂಪಿಗೆ 90ಕ್ಕೂ ಜಾಸ್ತಿ ಜನ ಬೇಕು. ಎರಡನೇ ಹಂತ ಅಲ್ವಾ, ಸ್ವಲ್ಪ ಸಡಿಲ ಬಿಟ್ಟೆವು: ಒಂದೇ ಬದಿ (ಜೆಲ್ ಮೇಲೇ ಎಂಬುದಷ್ಟೇ ನೋಡುವುದು), 10%. ಆಗ ಸುಮಾರು 52 ಸಾಕು. ನಡುವೆ ಬಿಟ್ಟು ಹೋಗುವವರಿಗೆಂದು ನಾನು 15% ಕೂಡಿಸಿ 60 ಬರೆದೆ. ಅದೂ ತಪ್ಪು. 15% ಜನ ಹೋದ ಮೇಲೂ 52 ಉಳಿಯಬೇಕಾದರೆ 0.85ರಿಂದ ಭಾಗಿಸಬೇಕು, 62 ಬರುತ್ತದೆ.

ಏನನ್ನು ಅಳೆಯಬೇಕು ಎಂಬುದಕ್ಕೆ ಜಗಳ ಜಾಸ್ತಿ ಆಯಿತು. ರೋಗಿಗೆ ಬೇಕಾದದ್ದು ಹುಣ್ಣು ಪೂರ್ತಿ ಮಾಯುವುದು. ದೊಡ್ಡ ಟ್ರಯಲ್‌ಗಳಲ್ಲಿ ಅದನ್ನು 12 ವಾರಕ್ಕೆ ನೋಡುತ್ತಾರೆ. ಆದರೆ ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿದರೆ ಮುಂದೆ ಮಾಯುವ ಸಾಧ್ಯತೆ ಹೆಚ್ಚು. ನಾವು ನಾಲ್ಕು ವಾರವನ್ನೇ ಮುಖ್ಯ ಅಳತೆ ಮಾಡಿದೆವು. 12ನೇ ವಾರಕ್ಕೂ ಒಮ್ಮೆ ನೋಡುವುದು ಇದ್ದೇ ಇತ್ತು. ಪಾರದರ್ಶಕ ಹಾಳೆ ಇಟ್ಟು ಅಂಚು ಬರೆದುಕೊಳ್ಳುವವರಿಗೆ ಯಾರು ಯಾವ ಗುಂಪು ಎಂಬುದು ಗೊತ್ತಿರಲಿಲ್ಲ.

ಇನ್ನೊಂದು ಬಲೆ ಇತ್ತು. ಸತ್ತ ಚರ್ಮ ಕತ್ತರಿಸಿ, ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಎಷ್ಟೋ ಹುಣ್ಣುಗಳು ತಾವೇ ಮಾಯುತ್ತವೆ. ಅಂಥವರು ಒಳಗೆ ಬಂದರೆ ಎರಡೂ ಗುಂಪು ಚೆನ್ನಾಗಿ ಕಂಡು, ಜೆಲ್ ಏನು ಮಾಡಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕೆ ಮೊದಲ ಎರಡು ವಾರ ಎಲ್ಲರಿಗೂ ಮಾಮೂಲಿ ಡ್ರೆಸ್ಸಿಂಗ್, ಎಂಸಿಆರ್ ಚಪ್ಪಲಿ (ಪಾದಕ್ಕೆ ಒತ್ತು ಬೀಳದ ಮೆತ್ತನೆ ರಬ್ಬರಿನದು). ಅಷ್ಟರಲ್ಲೇ 30% ಕುಗ್ಗಿದರೆ ಅವರನ್ನು ಟ್ರಯಲ್‌ಗೆ ಸೇರಿಸಲಿಲ್ಲ.

ಎಥಿಕ್ಸ್ ಕಮಿಟಿ, ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಎಲ್ಲ ಕ್ರಮವಾಗಿ ಮುಗಿದವು. ಕಮಿಟಿಯಲ್ಲಿದ್ದ ಡಾಕ್ಟರಲ್ಲದ ಸದಸ್ಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಬಸ್ ಚಾರ್ಜ್ ಯಾರ್ ಕೊಡ್ತಾರ್ರಿ?" 40 ಪುಟದಲ್ಲಿ ನಾನು ಅದನ್ನೇ ಬರೆದಿರಲಿಲ್ಲ.

ಕ್ಯಾಲೆಂಡರ್ ಕೂಡ ನೋಡಿರಲಿಲ್ಲ. ಯುಗಾದಿ ಹತ್ತಿರ ಬಂದಂತೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಜೆಲ್ ಶುರುವಾಗಿ ಹತ್ತೇ ದಿನ ಆಗಿದ್ದ ಹಿರಿಯರೊಬ್ಬರು ಬಂದು, "ಸಾಹೇಬ್ರ, ಮಲ್ಲಯ್ಯನ ಹರಕಿ ಐತ್ರಿ, ಬಿಡಾಕ ಬರೂದಿಲ್ಲ" ಎಂದರು. ಚಪ್ಪಲಿಯಾದರೂ ಹಾಕಿಕೊಳ್ಳಿ ಯಜಮಾನ್ರ ಎಂದೆ. ನಕ್ಕರು. ಮುಂದಿನ ವರ್ಷದಿಂದ ಯಾತ್ರೆ ಹೊರಡುವ ಆರು ವಾರ ಮೊದಲೇ ಹೊಸಬರನ್ನು ಸೇರಿಸುವುದು ನಿಲ್ಲಿಸಿದೆವು. ಎರಡು ವಾರದ ಡ್ರೆಸ್ಸಿಂಗ್, ನಾಲ್ಕು ವಾರದ ಜೆಲ್, ಲೆಕ್ಕ ಸರಿಹೋಯಿತು.

ಆ ಹಿರಿಯರು ಹಬ್ಬ ಮುಗಿಸಿ ಪ್ರಸಾದದ ಸಮೇತ ಬಂದರು. ಹುಣ್ಣು ಮೊದಲಿಗಿಂತ ದೊಡ್ಡದಾಗಿತ್ತು. ನಾಲ್ಕನೇ ವಾರದ ಅಳತೆ ಸಿಗದವರನ್ನು 'ಗುಣ ಇಲ್ಲ' ಎಂದು ಎಣಿಸುವುದಾಗಿ ಮೊದಲೇ ಬರೆದಿದ್ದೆವು, ಹಾಗೇ ಎಣಿಸಿದೆವು. ಟ್ಯೂಬ್ ಮಾತ್ರ ಪೂರ್ತಿ ಖಾಲಿ. ಜೊತೆಗೆ ನಡೆದವರ ಕಾಲಿನ ಬೊಬ್ಬೆಗಳಿಗೆಲ್ಲ ಹಚ್ಚಿದ್ದರಂತೆ.