ಹಳೇ ಗಾಡಿ ನನಗಿರಲಿ, ಗಟ್ಟಿದು ಮಗಳಿಗೆ

"ಕಲಿಯಾವ್ರಿಗೆ ಹಳೇ ಗಾಡಿನ ಛಲೋ ನೋಡ್ರಿ ಭಾವಾ. ಹೆಂಗೂ ನಾಕ್ ಕಡೆ ಬಡಿಸ್ತಾರ" ಅಂದ ನನ್ನ ಹೆಂಡತಿಯ ತಮ್ಮ. ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ನನ್ನ 2012ರ ಸಣ್ಣ ಕಾರು ಅವಳಿಗೆ, ನನಗೊಂದು ಹೊಸದು ಅಂತ ಮನೆಯಲ್ಲಿ ಮಾತಾಗಿತ್ತು. ನಮ್ಮ ಕಡೆ ಪದ್ಧತಿಯೇ ಹಾಗೆ. ಒಳ್ಳೇ ಗಾಡಿ ಅಪ್ಪನಿಗೆ, ಸವೆದದ್ದು ಮಕ್ಕಳಿಗೆ.

ಒಂದಿನ ಅಂಗಡಿ ಮುಂದೆ ಕಾರು ನಿಲ್ಲಿಸಿ ಸುಮ್ನೆ ಸ್ಟೀರಿಂಗ್ ನೋಡಿದೆ. ಅದರ ಮಧ್ಯೆ ಬರೀ ಹಾರ್ನ್. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ನೋಡೋ ಎಬಿಎಸ್ ಇಲ್ಲ. ಹಿಂದಿನ ಸೀಟಿನ ಬೆಲ್ಟುಗಳು ಸೀಟ್ ಕವರಿನ ಕೆಳಗೆ ಎಲ್ಲೋ ಹೂತು ಹೋಗಿದ್ದವು. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ ನಾನು ಹೊಸದರಲ್ಲಿ ಕೂರೋದು, ಮೊನ್ನೆ ತಾನೇ ಕ್ಲಚ್ ಯಾವುದು ಅಂತ ಕೇಳಿದ ಹುಡುಗಿ ಇದರಲ್ಲಿ ಕೂರೋದು. ಲೆಕ್ಕ ಉಲ್ಟಾ ಅಲ್ವಾ?

ನಾವು ಬಾಗಲಕೋಟೆ ನವನಗರದವರು. ಬೀಜ, ಗೊಬ್ಬರದ ಅಂಗಡಿ ಇದೆ, ಮನೆಯಿಂದ ಎರಡು ಕಿಲೋಮೀಟರ್. ಅಷ್ಟು ದೂರಕ್ಕೆ ಯಾವ ಗಾಡಿಯಾದರೂ ನಡೆಯುತ್ತೆ. ಆದರೆ ಮಗಳು ಓಡಿಸಬೇಕಾದದ್ದು ಮುಧೋಳದ ದಾರಿ. ಅಲ್ಲಿ ನಮ್ಮ ಅತ್ತೆ ಒಬ್ಬರೇ ಇದ್ದಾರೆ. ಗದ್ದನಕೇರಿ ಕ್ರಾಸ್, ಕಲಾದಗಿ, ಲೋಕಾಪುರ ದಾಟಿ ಹೋಗಬೇಕು. ಕಬ್ಬಿನ ಸೀಸನ್ನಿನಲ್ಲಿ ಆ ಕಡೆ ಓಡಾಡಿದವರಿಗೆ ಬಿಡಿಸಿ ಹೇಳೋದು ಬೇಡ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ತುದಿ ಸರಿಯಾಗಿ ನಮ್ಮ ಗಾಜಿನ ಎತ್ತರಕ್ಕೆ.

ಹಾಗಾಗಿ ನಿರ್ಧಾರ ಬದಲಾಯಿತು. ಹೊಸದಲ್ಲ, ಸೆಕೆಂಡ್ ಹ್ಯಾಂಡ್, ಐದೂವರೆ ಲಕ್ಷದ ಒಳಗೆ. ಅದನ್ನು ಮಗಳು ಓಡಿಸೋದು, ಹಳೇದು ಅಂಗಡಿಗೆ ನನಗೆ. ಹೆಂಡತಿಯ ತಮ್ಮ ಮೂರು ದಿನ ನಕ್ಕ.

ಹದಿನಾರಕ್ಕೇ ಯಾಕೆ ಕಲಿಸಲಿಲ್ಲ ಅಂತ ಓಣಿಯವರು ಕೇಳಿದ್ದುಂಟು. 2019ರ ಕಾನೂನು ತಿದ್ದುಪಡಿ ಆದಮೇಲೆ ಲೈಸೆನ್ಸ್ ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೊಣೆ ತಂದೆ ತಾಯಿಯದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೋ ಹುಡುಗಿಗೋ 25 ತುಂಬೋವರೆಗೆ ಲೈಸೆನ್ಸ್ ಇಲ್ಲ. ಹದಿನೆಂಟಕ್ಕೆ ಕಲಿಕಾ ಲೈಸೆನ್ಸ್ ಮಾಡಿಸಿ, ಮೂವತ್ತು ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟರೆ ಆಯಿತು. ಇದರಲ್ಲಿ ಅವಸರ ಏನಿದೆ?

ಗಾಡಿ ಹುಡುಕುವಾಗ ನಾನು ಮೊದಲು ಮೈಲೇಜ್ ಕೇಳಲಿಲ್ಲ, ತಯಾರಾದ ತಿಂಗಳು ಕೇಳಿದೆ. 2019ರ ಜುಲೈ ನಂತರ ತಯಾರಾದ ಕಾರಿಗೆ ಎಬಿಎಸ್, ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗೋ ಬೀಪ್, 80 ದಾಟಿದರೆ ಇನ್ನೊಂದು ಬೀಪ್, ಇವೆಲ್ಲ ಕಡ್ಡಾಯವಾಗಿ ಇರುತ್ತವೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಮಾತ್ರ ಎಲ್ಲ ಕಾರಿಗೂ ಬಂದದ್ದು 2022ರಿಂದ. ಅದಕ್ಕಿಂತ ಹಳೇದಾದರೆ ಆ ವೇರಿಯಂಟಿನಲ್ಲಿ ಇದೆಯಾ ಅಂತ ಕೇಳಲೇಬೇಕು.

ಆಮೇಲೆ ಸ್ಟಾರ್, ಅಂದರೆ ಗಾಡಿ ಗುದ್ದಿದಾಗ ಒಳಗಿದ್ದವರಿಗೆ ಎಷ್ಟು ರಕ್ಷಣೆ ಅಂತ ಪರೀಕ್ಷೆ ಮಾಡಿ ಕೊಡೋ ಗುರುತು. ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ನಮ್ಮ ದೇಶದ ಕಾರುಗಳನ್ನು 2014ರಿಂದ ಗುದ್ದಿಸಿ ನೋಡುತ್ತ ಬಂದಿದೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಎದುರು ಗುದ್ದುವ ಪರೀಕ್ಷೆ 64 ಕಿ.ಮೀ. ವೇಗದಲ್ಲಿ ನಡೆಯುತ್ತೆ. ಪೂರ್ತಿ ಮೂತಿ ಅಲ್ಲ, ಡ್ರೈವರ್ ಕಡೆಯ ಶೇಕಡ 40 ಭಾಗ ಮಾತ್ರ ಗುದ್ದುತ್ತೆ. ಮುಧೋಳ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಹೋಗಿ ಎದುರಿನವನಿಗೆ ತಾಗೋದು ಹೆಚ್ಚುಕಡಿಮೆ ಹೀಗೇ. ಇಲ್ಲಿ ಇನ್ನೊಂದು ಮಾತು. 2022ರ ಜುಲೈಯಲ್ಲಿ ಪರೀಕ್ಷೆ ಬಿಗಿಯಾಯಿತು. ಅದಕ್ಕಿಂತ ಮೊದಲಿನ ಐದು ಸ್ಟಾರ್, ಆಮೇಲಿನ ಐದು ಸ್ಟಾರ್ ಒಂದೇ ಅಲ್ಲ. ನಾನು ಸ್ಟಾರಿನ ಜೊತೆಗೆ ವರದಿಯ ಒಂದು ಸಾಲನ್ನು ತಪ್ಪದೆ ಓದುತ್ತಿದ್ದೆ. ಗಾಡಿಯ ಗೂಡು, ಅಂದರೆ ಜನ ಕೂರೋ ಭಾಗದ ಚೌಕಟ್ಟು, ಗಟ್ಟಿ ನಿಂತಿತಾ, ಇಲ್ಲಾ ಸೊಟ್ಟಗಾಯಿತಾ? ಗೂಡೇ ಮಡಚಿಕೊಂಡರೆ ಏರ್‌ಬ್ಯಾಗ್ ಏನು ಮಾಡೀತು?

ದೊಡ್ಡ ಎತ್ತರದ ಗಾಡಿ ತಗೋ, ಅದೇ ಸೇಫ್ ಅಂದವರು ಬಹಳ. ಎತ್ತರದ ಗಾಡಿ ಗಾಬರಿಯಲ್ಲಿ ಸ್ಟೀರಿಂಗ್ ಎಳೆದಾಗ ಪಲ್ಟಿ ಆಗೋ ಸಂಭವ ಜಾಸ್ತಿ. ಹೊಸಬರಿಗೆ ಅದರ ಮೂತಿ ಎಲ್ಲಿ ಮುಗಿಯುತ್ತೆ ಅನ್ನೋದೂ ತಿಳಿಯಲ್ಲ. ಒಮ್ಮೆಲೇ ಜೋರು ಹಿಡಿಯೋ ಟರ್ಬೊ ಎಂಜಿನ್ನಿನದ್ದನ್ನೂ ಬಿಟ್ಟೆ.

ಮೊದಲು ನೋಡಿದ ಕಾರಿನ ಕಥೆ ಹೇಳಲೇಬೇಕು. ಒಬ್ಬ ಏಜೆಂಟ್ ತೋರಿಸಿದ್ದು. 2018ರದ್ದು, ಬಣ್ಣ ಫಳಫಳ, ಒಳಗೆ ಅತ್ತರಿನ ವಾಸನೆ. ಇಷ್ಟು ವಾಸನೆ ಯಾಕಪ್ಪಾ ಅಂತಲೇ ನನಗೆ ಅನುಮಾನ. ಡ್ರೈವರ್ ಸೀಟಿನ ಬೆಲ್ಟನ್ನು ಎಳೆಯುತ್ತಾ ಹೋದೆ, ಎಳೆಯುತ್ತಾ ಹೋದೆ. ಕೊನೆಯ ಒಂದು ಗೇಣು ಹೊರಬಂದಾಗ ಅಲ್ಲಿ ಒಣಗಿದ ಕೆಸರಿನ ಗೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಬಂದದ್ದು ಈ ಭಾಗದಲ್ಲಿ ಯಾರಿಗೆ ನೆನಪಿಲ್ಲ? ಡಿಕ್ಕಿಯ ಮ್ಯಾಟ್ ಎತ್ತಿದರೆ ಸ್ಟೆಪ್ನಿ ಇಡೋ ಗುಂಡಿ ತುಂಬ ತುಕ್ಕು. ನೀರಲ್ಲಿ ಮುಳುಗಿದ ಗಾಡಿಯ ಎಂಜಿನ್ ರಿಪೇರಿ ಮಾಡಬಹುದು. ಏರ್‌ಬ್ಯಾಗಿನ ವೈರು, ಕನೆಕ್ಟರು ಒಳಗೊಳಗೇ ಹಸಿರುಗಟ್ಟಿದ್ದರೆ ಬೇಕಾದಾಗ ಅದು ಉಬ್ಬುತ್ತೆ ಅಂತ ಯಾರು ಬರೆದುಕೊಡ್ತಾರೆ? ಏಜೆಂಟ್ ಮಾತ್ರ "ಮಳಿಯಾಗ ಖಿಡಕಿ ತಗದಿತ್ರಿ ಸರ್ರ" ಅಂದ.

ಆರನೇ ಗಾಡಿ ಕುದುರಿತು. 2021ರ ಟಾಟಾ ಆಲ್ಟ್ರೋಜ್, ಪೆಟ್ರೋಲ್, ಒಬ್ಬನೇ ಮಾಲೀಕ, ಎರಡು ಏರ್‌ಬ್ಯಾಗ್. 2020ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದ ಮಾದರಿ, ಹಳೇ ಪರೀಕ್ಷೆಯದ್ದೇ ಆದರೂ ಗೂಡು ಗಟ್ಟಿ ಅಂತ ವರದಿ. ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಇನ್ಶೂರೆನ್ಸ್, ಸಾಲ ನೋಡಿದೆ. ಮನೆಯ ಫ್ರಿಜ್ಜಿನ ಮೇಲಿದ್ದ ತೆಳು ಅಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಬಾಗಿಲು, ಮಡ್ಗಾರ್ಡ್, ಚಾವಣಿ ಹೊತ್ತ ಕಂಬಗಳಿಗೆ ಹಚ್ಚುತ್ತಾ ಬಂದೆ. ಗುದ್ದಿದ ತಗ್ಗು ಮುಚ್ಚಲು ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಹಿಡಿಯಲ್ಲ, ಜಾರುತ್ತೆ. ಎಡಗಡೆ ಹಿಂದಿನ ಬಾಗಿಲಲ್ಲಿ ಅಂಗೈ ಅಗಲ ಜಾರಿತು. ಕಂಬಗಳಲ್ಲಿ ಎಲ್ಲೂ ಇಲ್ಲ. ಬಾಗಿಲಿನದ್ದು ನಡೆಯುತ್ತೆ ಬಿಡಿ.

ಕೀಲಿ ತಿರುವಿದಾಗ ಏರ್‌ಬ್ಯಾಗಿನ ದೀಪ ಹತ್ತಬೇಕು, ಕೆಲವು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷ ಇದೆ. ಹತ್ತದೇ ಇದ್ದರೆ ಇನ್ನೂ ಕೆಟ್ಟದ್ದು, ಯಾರೋ ದೀಪವನ್ನೇ ತೆಗೆಸಿರಬಹುದು. ಇದರಲ್ಲಿ ಸರಿಯಾಗಿ ಹತ್ತಿ ಆರಿತು.

ಟೈರಿನಲ್ಲಿ ಮಾತ್ರ ಮೋಸ ಇತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದರ ಮೇಲೆ 1418 ಅಂತ ಇತ್ತು, ಅಂದರೆ 2018ರ ಹದಿನಾಲ್ಕನೇ ವಾರ. ಜೊತೆಗೆ ಬಂದಿದ್ದ ಪಂಕ್ಚರ್ ಅಂಗಡಿಯ ಹುಡುಗ ಬಗ್ಗಿ ನೋಡಿ, "ಸರ್ರ, ಗಾಡಿಕಿಂತ ಟೈರ್ ವಯಸ್ಸಿಗೆ ದೊಡ್ಡವ ಅದಾವಲ್ರಿ" ಅಂದ. ಹೊಸ ಟೈರು ಬಿಚ್ಚಿಕೊಂಡು ಯಾವುದೋ ಹಳೇವು ಹಾಕಿದ್ದರು. ಇದೊಂದೇ ಮಾತಿಗೆ ಇಪ್ಪತ್ತು ಸಾವಿರ ಇಳಿಸಿದರು. 5,20,000ಕ್ಕೆ ಮುಗಿಯಿತು. ಆ ಇಪ್ಪತ್ತು ಸಾವಿರದ ಜೊತೆ ಇನ್ನಷ್ಟು ಸೇರಿಸಿ ನಾಲ್ಕೂ ಹೊಸ ಟೈರು ಹಾಕಿಸಿದೆ, ಮಂಜಾಗಿದ್ದ ಹೆಡ್‌ಲೈಟ್ ಪಾಲಿಶ್ ಮಾಡಿಸಿದೆ. ಹೆಸರು ವರ್ಗಾವಣೆಗೆ 29, 30ನೇ ಫಾರ್ಮು. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನದ ಒಳಗೆ ಅರ್ಜಿ ಕೊಡಬೇಕು, ಇದನ್ನು ಬಹಳ ಜನ ಮರೀತಾರೆ.

ಮಗಳು ಐದಡಿ ಎತ್ತರ. ಪೆಡಲ್ ಮುಟ್ಟಲು ಸ್ಟೀರಿಂಗಿಗೆ ಎದೆ ತಾಗಿಸಿ ಕೂರುತ್ತಿದ್ದಳು. ಏರ್‌ಬ್ಯಾಗ್ ಜೋರಾಗಿ ಉಬ್ಬುತ್ತೆ, ಎದೆಗೂ ಸ್ಟೀರಿಂಗಿಗೂ ಹತ್ತು ಇಂಚಾದರೂ ಜಾಗ ಬೇಕು. ಸೀಟಿನ ಎತ್ತರ ಏರಿಸಿ, ಬೆನ್ನು ನೆಟ್ಟಗೆ ಮಾಡಿ, ಸ್ಕೇಲ್ ಹಿಡಿದು ಅಳೆದೆವು. ಹೆಂಡತಿ "ಬ್ಲೌಸ್ ಹೊಲಿಸಾಕತ್ತೀರೇನು?" ಅಂತ ಕೇಳಿದಳು.

ಇನ್ನು ಬ್ರೇಕ್. ನವನಗರದಲ್ಲಿ ಮನೆಗಳು ಇನ್ನೂ ಏಳದ ಸೆಕ್ಟರುಗಳ ರಸ್ತೆ ಬೆಳಿಗ್ಗೆ ಆರಕ್ಕೆ ಖಾಲಿ. ಹಿಂದೆ ಮುಂದೆ ನೋಡಿಕೊಂಡು, 40ರಲ್ಲಿ ಹೋಗಿ ಜೋರಾಗಿ ತುಳಿ ಅಂದೆ. ತುಳಿದಳು. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಗರಗರ ಅಂತ ಕಾಲಿಗೆ ಒದೆಯುತ್ತೆ. "ಪಪ್ಪಾ, ಕೆಳಗ ಏನೋ ಮುರೀತು!" ಅಂತ ಕಾಲು ಎತ್ತಿಬಿಟ್ಟಳು. ಗಾಡಿ ಇನ್ನೂ ಹತ್ತಡಿ ಮುಂದೆ ಹೋಯಿತು. ಗುಣ ಗೊತ್ತಿಲ್ಲದವರು ಹೀಗೇ ಕಾಲು ತೆಗೀತಾರೆ. ಗರಗರ ಅಂದರೂ ಒತ್ತಿ ಹಿಡಿ, ಹಿಡಿದುಕೊಂಡೇ ಸ್ಟೀರಿಂಗ್ ತಿರುಗಿಸು ಅಂತ ಮೂರು ಬೆಳಿಗ್ಗೆ ಅದನ್ನೇ ಮಾಡಿಸಿದೆ. ತುಂತುರು ಮಳೆ ಬಂದ ದಿನ ಮತ್ತೆ ಕರೆದುಕೊಂಡು ಹೋದೆ. ಎರೆ ಹೊಲದಿಂದ ಟ್ರ್ಯಾಕ್ಟರ್ ಹೊತ್ತು ತಂದ ಮಣ್ಣು ಡಾಂಬರಿನ ಮೇಲೆ ಬಿದ್ದು, ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆ ಸಬೂನು. ಅಂಥ ಕಡೆ ಎಬಿಎಸ್ ಇದ್ದರೂ ಗಾಡಿ ಬೇಗ ನಿಲ್ಲಲ್ಲ ಅನ್ನೋದು ಅವಳ ಕಾಲಿಗೇ ಗೊತ್ತಾಗಲಿ ಅಂತ.

ಮೊದಲ ಆರು ತಿಂಗಳಿಗೆ ಮೂರು ಷರತ್ತು ಹಾಕಿದೆ. ಸೂರ್ಯ ಮುಳುಗಿದ ಮೇಲೆ ಊರ ಹೊರಗೆ ಹೋಗುವಂತಿಲ್ಲ. ಗೆಳತಿ ಒಬ್ಬಳಿದ್ದರೆ ಸರಿ, ನಾಲ್ವರನ್ನು ತುಂಬಿಕೊಳ್ಳುವಂತಿಲ್ಲ. ಫೋನು ಡಿಕ್ಕಿಯಲ್ಲಿ. ಮೂರನೆಯದಕ್ಕೆ ಜಗಳ ಆಗಿ ಹಿಂದಿನ ಸೀಟಿಗೆ ರಾಜಿ ಆಯಿತು. ಅವಳೂ ಒಂದು ಷರತ್ತು ಹಾಕಿದಳು: ಹಿಂದೆ ಕೂತ ಅಜ್ಜಿಯೂ ಬೆಲ್ಟ್ ಹಾಕಬೇಕು. ಅತ್ತೆ ಈಗ ಕಲಾದಗಿ ಬರೋವರೆಗೂ ಬೆಲ್ಟಿಗೆ ಬೈಯುತ್ತಲೇ ಇರ್ತಾರೆ.

ಲೈಸೆನ್ಸ್ ಬಂದ ನಾಲ್ಕನೇ ದಿನ ನಮ್ಮ ಗೇಟಿಗೇ ಎಡಗಡೆ ಹಿಂದಿನ ಬಾಗಿಲು ಉಜ್ಜಿಸಿದಳು, ಸರಿಯಾಗಿ ಆ ಪುಟ್ಟಿ ಇದ್ದ ಜಾಗ. ಹೆಂಡತಿಯ ತಮ್ಮ ಬಂದು ನೋಡಿ ಏನೂ ಅನ್ನಲಿಲ್ಲ, ಬರೀ ಕೆಮ್ಮಿದ. ಬಣ್ಣ ಹಚ್ಚಿಸಿಲ್ಲ. ಇನ್ನೊಂದು ಗೀರು ಬರಲಿ, ಎರಡೂ ಸೇರಿಸಿ ಹಚ್ಚಿಸೋಣ ಅಂತಿದ್ದೀನಿ.